ಜಾಲರಿಗೆ ಹಚ್ಚಿದ ಎಣ್ಣೆ

ಎಣ್ಣೆ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಬರುವವರೆಲ್ಲ ಎಣ್ಣೆ ಇರುವ ಕಡೆ ನಿಲ್ಲಲು ಬಯಸುತ್ತಾರೆ. ನನ್ನನ್ನು ನಿಲ್ಲಿಸಿದ್ದು ಹೊಲಸು ನೀರು ಹೋಗುವ ಕಡೆ. ಮೂವತ್ತು ವರ್ಷಕ್ಕೂ ಮೇಲೆ ಅಲ್ಲೇ ನಿಂತೆ. ಈಗ ಆ ಜಾಗಕ್ಕೆ ಐಟಿಐ ಓದಿದ ಹೊಸಬರು ಬಂದಿದ್ದಾರೆ, ಅವರಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ ಎಂದು ಕೇಳಿದೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಂಪು ಯಾವಾಗ ಹಚ್ಚಬೇಕು, ವಾಲ್ವು ಯಾವ ಕಡೆ ತಿರುಗಿಸಬೇಕು ಎಂಬುದೆಲ್ಲ ಅಲ್ಲಿ ಗೋಡೆಯ ಮೇಲೆ ಬರೆದಿದೆ. ಗೋಡೆಯ ಮೇಲೆ ಇಲ್ಲದ ಒಂದು ಸಂಗತಿ ನನ್ನ ಹತ್ತಿರ ಇದೆ. ಅದನ್ನು ಬಿಟ್ಟು ನನ್ನ ಕೆಲಸದ ಹೆಮ್ಮೆಯನ್ನಷ್ಟೇ ಹೇಳಿಕೊಂಡರೆ ಬರೆದದ್ದು ಅರ್ಧ ಸುಳ್ಳಾಗುತ್ತದೆ.

ನಮ್ಮದು ಗಂಗಾವತಿ ಹತ್ತಿರದ ತೌಡೆಣ್ಣೆ ಕಾರ್ಖಾನೆ. ಹೆಸರು ಬೇಡ. ಸುತ್ತಲಿನ ರೈಸ್‌ಮಿಲ್ಲುಗಳಿಂದ ಅಕ್ಕಿಯ ತೌಡು ಲಾರಿಗಳಲ್ಲಿ ಬರುತ್ತದೆ. ಅದರಿಂದ ಎಣ್ಣೆ ತೆಗೆದು, ಸೋಸಿ, ತೊಳೆದು ಡಬ್ಬಿ ತುಂಬುತ್ತಾರೆ. ಎಣ್ಣೆ ತೊಳೆದ ನೀರು, ಯಂತ್ರ ತೊಳೆದ ನೀರು, ನೆಲ ತೊಳೆದ ನೀರು ಎಲ್ಲ ಸೇರಿ ಹಿತ್ತಲಿನ ತೊಟ್ಟಿಗೆ ಬರುತ್ತದೆ. ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಜನರ ಗದ್ದೆಗೆ. ಆ ತೊಟ್ಟಿಯಲ್ಲಿ ಎಣ್ಣೆ ಹಿಡಿದಿಟ್ಟು ನೀರನ್ನು ಮಾತ್ರ ಮುಂದೆ ಬಿಡುವುದು ನನ್ನ ಕೆಲಸ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ನೇಕಾರರ ಊರಿನವನು. ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ನಾನು ಹತ್ತನೇ ತರಗತಿ ಪಾಸಾಗುವ ಹೊತ್ತಿಗೆ ಬಣ್ಣ ಹಾಕಿದ ನೂಲೇ ಪೇಟೆಯಿಂದ ಬರತೊಡಗಿತ್ತು. ಹೀಗಾಗಿ ಗಂಗಾವತಿಗೆ ಬಂದೆ. ಅಪ್ಪನಿಂದ ಕೈಗೆ ಬಂದದ್ದು ಎರಡು. ನೂಲಿನ ಲಡಿಯನ್ನು ಒಂದೇ ಹದದಲ್ಲಿ ಅದ್ದಿ ಒಂದೇ ಹದದಲ್ಲಿ ಎತ್ತುವುದು. ಮತ್ತು ಒಣ ನೂಲನ್ನು ಎಂದೂ ಬಣ್ಣಕ್ಕೆ ಇಳಿಸದಿರುವುದು. ಮೊದಲು ಅದಕ್ಕೆ ಹೊಟ್ಟೆ ತುಂಬ ನೀರು ಕುಡಿಸಬೇಕು. ಇಲ್ಲದಿದ್ದರೆ ಬಣ್ಣ ಒಂದು ಕಡೆ ಹಿಡಿದು ಒಂದು ಕಡೆ ಬಿಡುತ್ತದೆ. ಇದು ನನಗೆ ಎಂಟು ವರ್ಷದವನಿದ್ದಾಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ ಎಂಬುದಕ್ಕಾಗಿ ಮೊದಲೇ ಬರೆದಿಟ್ಟಿದ್ದೇನೆ.

ಸೇರಿದ ಮೊದಲ ತಿಂಗಳೇ ಒಂದು ಎಡವಟ್ಟು ಮಾಡಿದೆ. ತೇಲಿದ ಎಣ್ಣೆ ಎಲ್ಲ ಹೊಲಸೇ ಎಂದುಕೊಂಡು, ಪಕ್ಕದ ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟಿದ್ದ ಒಳ್ಳೆಯ ಎಣ್ಣೆಯನ್ನೂ ಬಳಿದು ಬಾಯ್ಲರಿಗೆ ಉರಿಸುವ ಭತ್ತದ ಹೊಟ್ಟಿಗೆ ಸುರಿದುಬಿಟ್ಟೆ. ಬೆಂಕಿ ಚಿಮಣಿಯ ತುದಿಯವರೆಗೂ ಬಂತು. ನಮ್ಮ ಕೆಮಿಸ್ಟ್ ದೇಸಾಯಿ ಸಾಹೇಬರು ಓಡಿ ಬಂದರು. ತೆಳ್ಳನೆಯ ಮನುಷ್ಯ, ದನಿ ಏರಿಸುವವರಲ್ಲ.

“ಪರಸಪ್ಪ, ದೀಪಾವಳಿ ಇನ್ನೂ ದೂರ ಐತಲ್ಲೋ” ಎಂದರು. ಅಷ್ಟೇ. ಆಮೇಲೆ ಮೂರು ಬಾಟಲಿ ತಂದು ಎದುರಿಗಿಟ್ಟು, “ಯಾವುದ್ರಾಗ ಎಣ್ಣಿ ಹೆಚ್ಚೈತಿ, ಯಾವುದ್ರಾಗ ಕಡಿಮಿ ಐತಿ, ಕಣ್ಣು ಮುಚ್ಚಿ ಹೇಳು” ಎಂದರು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಬೇಕು. ನೀರು ಬೆರಳನ್ನು ತಡೆಯುತ್ತದೆ, ಎಣ್ಣೆ ಜಾರಿಸುತ್ತದೆ. ದಿನಾ ಒಂದು ವಾರ ಕಲಿಸಿದರು. ಮುಂದೆ ಪ್ರಯೋಗಶಾಲೆಯ ಲೆಕ್ಕ ಬರುವ ಮೊದಲೇ ನನ್ನ ಹೆಬ್ಬೆರಳು ಹೇಳಿಬಿಡುತ್ತಿತ್ತು. ಲಾರಿ ಚಾಲಕರು ಕೂಡ “ಪರಸಣ್ಣನ ಬೊಟ್ಟು ಮೀಟರ್ ಐತಿ” ಅನ್ನುತ್ತಿದ್ದರು. ಈ ಹೆಮ್ಮೆ ನನ್ನಲ್ಲಿ ಬೆಳೆಯಿತು. ತಪ್ಪೇನಿಲ್ಲ, ಕೆಲಸಗಾರನಿಗೆ ಹೆಮ್ಮೆ ಬೇಕು. ಆದರೆ ಅದೇ ಹೆಮ್ಮೆ ನನ್ನ ಬಾಯಿ ಕಟ್ಟಿತು ಎಂಬುದನ್ನು ಮುಂದೆ ನೋಡುತ್ತೀರಿ.

ಆಗಿನ ವಿಧಾನ ಸರಳ. ತಗಡಿನಿಂದ ಮೇಲಿನ ಎಣ್ಣೆ ಬಳಿಯುವುದು, ಉಳಿದದ್ದಕ್ಕೆ ಭತ್ತದ ಹೊಟ್ಟು ತುಂಬಿದ ಗೋಣಿಚೀಲ ತೇಲಿಬಿಟ್ಟು ಹೀರಿಸುವುದು. ಆಮೇಲೆ ಕೊಳೆ ತಳಕ್ಕಿಳಿಸಲು ಪಟಕ ಮತ್ತು ಸುಣ್ಣ ಹಾಕುವುದು ಬಂತು. ಅದರ ನಂತರ ಅಡಿಯಿಂದ ಗಾಳಿಯ ಗುಳ್ಳೆ ಬಿಟ್ಟು ಎಣ್ಣೆಯನ್ನು ಮೇಲೆತ್ತುವ ಯಂತ್ರ ಬಂತು. ಪ್ರತಿ ಸಲ ನೀರು ಸ್ವಲ್ಪ ಸುಧಾರಿಸಿತು. ಆದರೆ ಹಾಲಿನಂತೆ ಬೆಳ್ಳಗೆ ಕಲೆತುಬಿಟ್ಟ ಎಣ್ಣೆ ಇರುತ್ತದಲ್ಲ, ಅದು ಯಾವುದಕ್ಕೂ ಸಿಗುತ್ತಿರಲಿಲ್ಲ. ಹಳ್ಳಕ್ಕೆ ಹೋಗಿ, ತಣ್ಣಗಾಗಿ, ಗದ್ದೆಯ ನೀರಿನ ಮೇಲೆ ಬಣ್ಣ ಬಣ್ಣದ ಪೊರೆಯಾಗಿ ಹರಡುತ್ತಿತ್ತು.

ಹಳ್ಳದ ಕೆಳಗಿನ ಮೊದಲ ಗದ್ದೆ ಸತ್ಯನಾರಾಯಣ ಅವರದು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನವರು, ಮನೆಯಲ್ಲಿ ತೆಲುಗು. ಒಂದು ದಿನ ಒಂದು ಕೊಡ ಹಳ್ಳದ ನೀರು ಹೊತ್ತು ತಂದು ನಮ್ಮ ಗೇಟಿನೊಳಗೆ ಇಟ್ಟರು.

“ಪರಸಪ್ಪಗಾರು, ನಿಮ್ ನೀರು ತಂದೀನ್ರಿ. ಮನ್ಯಾಗ ಹಿಟ್ಟು ಕಲಸಿ ಇಟ್ಟಾರ. ಇದ್ರಾಗ ಮಿರ್ಚಿ ಕರದು ಕೊಡ್ತೀರೇನು?”

ನಮ್ಮ ಫಿಟ್ಟರ್ ಮೌಲಾಸಾಬ ನಕ್ಕುಬಿಟ್ಟ. ನಾನು ನಗಲಿಲ್ಲ. ಸತ್ಯನಾರಾಯಣ ಕೂಡ ನಗುತ್ತಿರಲಿಲ್ಲ. “ಹಳ್ಳದ ಬಾಜೂ ಮಡ್ಯಾಗ ನಾಟಿ ಮಾಡೂದ ಬಿಟ್ಟೀನ್ರಿ. ಸಸಿ ಬುಡದಾಗ ಜಿಡ್ಡು ಹಿಡೀತೈತಿ. ನೀವು ಕೆಟ್ಟವರಲ್ಲ, ನನಗ ಗೊತ್ತು. ಆದ್ರ ನೀರು ಕೆಟ್ಟದ್ದಲ್ಲೇನ್ರಿ?” ಎಂದು ಕೊಡ ಅಲ್ಲೇ ಬಿಟ್ಟು ಹೋದರು. ಆ ಕೊಡ ಬಹಳ ವರ್ಷ ತೊಟ್ಟಿಯ ಪಕ್ಕದ ನನ್ನ ಕೋಣೆಯಲ್ಲಿ ಇತ್ತು.

ಶಿವಲೀಲಾ ಬಂದದ್ದು ಇದಾದ ಮೇಲೆ. ಯಲಬುರ್ಗಾದ ಮೇಷ್ಟ್ರ ಮಗಳು. ದೊಡ್ಡ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು, ಅದಕ್ಕೇ ‘ಅವಳು’ ಎಂದು ಬರೆಯುತ್ತಿದ್ದೇನೆ. ಓದಿನಲ್ಲಿ ನಮ್ಮೆಲ್ಲರಿಗಿಂತ ದೊಡ್ಡವಳು. ಕೈಯಲ್ಲಿ ಚಹಾ ಸೋಸುವಷ್ಟು ದೊಡ್ಡ ಉಕ್ಕಿನ ಜಾಲರಿ ಹಿಡಿದುಕೊಂಡು ಬಂದಿದ್ದಳು. ಹಾಲಿನಂಥ ನಮ್ಮ ನೀರನ್ನು ಅದರ ಮೇಲೆ ಸುರಿದಳು. ಕೆಳಗೆ ಇಳಿದದ್ದು ಬರೀ ನೀರು. ಎಣ್ಣೆ ಜಾಲರಿಯ ಮೇಲೆಯೇ ಉಂಡೆಯಾಗಿ ಉರುಳಾಡುತ್ತಿತ್ತು.

ಮೌಲಾಸಾಬ ಬಗ್ಗಿ ನೋಡಿದ. “ಮೇಡಂ, ಎಣ್ಣಿ ಯಾವುದು, ನೀರು ಯಾವುದು ಅಂತ ಈ ಜರಡಿಗೆ ಹೆಂಗ ಗೊತ್ತಾಗತೈತ್ರಿ? ಇದೂ ನಮ್ಮ ಪರಸಣ್ಣನಂಗ ಹತ್ತನೇತ್ತೆ ಪಾಸ್ ಆಗೇತೇನು?”

“ಅದಕ್ಕ ಒಂದು ಪಾಲಿಮರ್ ಅಂಗಿ ಹಾಕೀನ್ರಿ” ಎಂದಳು ಅವಳು. “ಪಾಲಿಮರ್ ಅಂದ್ರ ಉದ್ದಾನ ಎಳಿ, ನೂಲಿನಂಗ. ಈ ಎಳಿಗೆ ನೀರಂದ್ರ ಭಾಳ ಆಸೆ. ಒಮ್ಮೆ ನೀರು ಕುಡಿದ್ರ ಮೈತುಂಬ ನೀರು ಹೊದ್ಕೊಂಡು ಕುಂದರತೈತಿ. ಆಮ್ಯಾಲೆ ಎಣ್ಣಿಗೆ ಕುಂದರಾಕ ಜಾಗಾನ ಸಿಗೂದಿಲ್ಲ.” ಜೊತೆಗೇ ಹೇಳಿದಳು: “ಆದ್ರ ಮೊದ್ಲು ನೀರು ಕುಡೀಬೇಕು, ಆಮ್ಯಾಲೆ ಎಣ್ಣಿ ನೋಡಬೇಕು. ಒಣಾ ಇದ್ದಾಗ ಎಣ್ಣಿ ತಾಕಿದ್ರ ಕೆಟ್ಟಹೋಗತೈತಿ.”

ನೂಲಿನ ಮಾತು ಕೇಳಿ ನನಗೆ ಅಪ್ಪ ಎದುರಿಗೆ ಬಂದಂತಾಯಿತು.

ತೊಟ್ಟಿಗೆ ಬೇಕಾಗುವಷ್ಟು ದೊಡ್ಡ ಜಾಲರಿಗೆ ಲೇಪ ಹಾಕಬೇಕಿತ್ತು. ಅದನ್ನು ನಮ್ಮ ಹಿತ್ತಲಿನಲ್ಲೇ ಮಾಡಿದೆವು. ಒಂದು ದ್ರಾವಣದಲ್ಲಿ ಅದ್ದಬೇಕು, ಶುದ್ಧ ನೀರಿನಲ್ಲಿ ಜಾಲಿಸಬೇಕು, ಇನ್ನೊಂದು ದ್ರಾವಣದಲ್ಲಿ ಅದ್ದಬೇಕು, ಮತ್ತೆ ಜಾಲಿಸಬೇಕು. ಹೀಗೆ ಪದರದ ಮೇಲೆ ಪದರ. ಅವಳು ಎತ್ತಿದರೆ ಅಂಚಿನಲ್ಲಿ ಲೇಪ ದಪ್ಪ ಕೂರುತ್ತಿತ್ತು. ನಾನು ಒಂದು ಸಲ ಕೇಳಿ ಪಡೆದು ಎತ್ತಿದೆ. ಲಡಿ ಎತ್ತಿದ ಹಾಗೆ, ಉಸಿರು ಹಿಡಿದು, ಒಂದೇ ಹದದಲ್ಲಿ. ಲೇಪ ಎಲ್ಲ ಕಡೆ ಒಂದೇ ಸಮ ಬಂತು.

“ಕಾಕಾ, ಇದನ್ನ ಎಲ್ಲಿ ಕಲ್ತ್ರಿ?” ಎಂದಳು.

“ನಮ್ಮಪ್ಪನ ಬಣ್ಣದ ಹಂಡ್ಯಾಗ” ಎಂದೆ.

ಆವತ್ತಿನಿಂದ ಅದ್ದುವುದು ನನ್ನ ಕೆಲಸವಾಯಿತು. ಅಪ್ಪನ ವಿದ್ಯೆ ಸತ್ತುಹೋಯಿತು ಎಂದು ನಾನು ತಿಳಿದಿದ್ದೆ. ಅದು ಉಕ್ಕಿನ ಮೇಲೆ ಬದುಕಿತ್ತು. ಆ ದಿನಗಳಲ್ಲಿ ನಾನು ಕಾರ್ಖಾನೆಗೆ ಹೊತ್ತಿಗಿಂತ ಮುಂಚೆ ಹೋಗುತ್ತಿದ್ದೆ.

ಅವಳು ಒಂದು ರಿಜಿಸ್ಟರ್ ಇಟ್ಟಿದ್ದಳು. ದಿನ, ಮಾಡಿದ ಕೆಲಸ, ಕೊನೆಯ ಕಾಲಂನಲ್ಲಿ ‘ಮುಟ್ಟಿದವರು’. ಧೂಳು ಒರೆಸಿದರೂ ಹೆಸರು ಬರೆಯಬೇಕು. ಮೌಲಾಸಾಬ “ಇದೇನ್ರಿ, ಪೊಲೀಸ್ ಠಾಣೆ ಆತಲ್ಲ” ಎಂದು ಗೊಣಗಿದ. “ತಪ್ಪು ಹಿಡೀಲಿಕ್ಕಲ್ರಿ, ಕಾರಣ ಹಿಡೀಲಿಕ್ಕ” ಎಂದಳು. ಈ ಮಾತನ್ನು ನಾನು ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಹಾಕಿಕೊಳ್ಳಿ.

ದಸರಾ ಬಂತು. ಹಬ್ಬ ಮುಗಿದ ಮರುದಿನ ಅವಳ ಗುರುಗಳು, ಇಬ್ಬರು ಪ್ರಾಧ್ಯಾಪಕರು, ನಮ್ಮ ಮ್ಯಾನೇಜರ್ ಎಲ್ಲರ ಮುಂದೆ ಜಾಲರಿ ಇಳಿಸಿ ತೋರಿಸುವುದು ಎಂದಾಯಿತು. ಅದು ಕೆಲಸ ಮಾಡಿದರೆ ಅವಳ ಸಂಶೋಧನೆ ಮುಂದುವರಿಯುತ್ತದೆ, ನಮ್ಮ ತೊಟ್ಟಿಗೆ ಜಾಲರಿ ಖಾಯಂ ಆಗುತ್ತದೆ. ಇಲ್ಲದಿದ್ದರೆ ಅವಳು ಮೊದಲಿನಿಂದ ಶುರುಮಾಡಬೇಕು, ನಮಗೆ ಜಾಲರಿ ಇಲ್ಲ. ಸತ್ಯನಾರಾಯಣ ಅವರಿಗೂ ಹೇಳಿ ಕಳಿಸಿದ್ದೆ. ಶಿವಲೀಲಾ ಜಾಲರಿಯನ್ನು ಚೌಕಟ್ಟಿಗೆ ಕೂರಿಸಿ, ಒಣಗಿಸಿ, ಬಿಳಿ ಬಟ್ಟೆ ಮುಚ್ಚಿ, “ಬಂದು ನಾನೇ ನೀರು ಕುಡಸ್ತೀನಿ ಕಾಕಾ, ಅಲ್ಲೀತನಕ ನಿಮ್ಮ ಕೈಯಾಗ ಬಿಟ್ಟೀನಿ” ಎಂದು ಹಬ್ಬಕ್ಕೆ ಊರಿಗೆ ಹೋದಳು.

ಆಯುಧಪೂಜೆಯ ದಿನ ನಮ್ಮಲ್ಲಿ ಯಂತ್ರಗಳೆಲ್ಲ ನಿಲ್ಲುತ್ತವೆ. ಬಾಯ್ಲರಿನಿಂದ ಹಿಡಿದು ನಟ್ಟು ಬಿಚ್ಚುವ ಪಾನಾದವರೆಗೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ವಿಭೂತಿ ಕುಂಕುಮ ಹಚ್ಚಿ, ಹೂ ಇಡುತ್ತೇವೆ. ಎಣ್ಣೆ ಕಾಣದ ಕಬ್ಬಿಣ ನಮ್ಮ ಕಣ್ಣಿಗೆ ಉಪವಾಸ ಇದ್ದಂತೆ. ಮೌಲಾಸಾಬ ಎಣ್ಣೆಯ ಬಟ್ಟಲು ಹಿಡಿದು ಮುಂದೆ, ನಾನು ಹಿಂದೆ. ಪಂಪಾಯಿತು, ಗುಳ್ಳೆ ಯಂತ್ರವಾಯಿತು. ಬಿಳಿ ಬಟ್ಟೆಯ ಹತ್ತಿರ ಬಂದೆವು.

“ಇದಕ್ಕ?” ಎಂದ ಮೌಲಾಸಾಬ.

ಬೇಡ ಎಂದು ನನಗೆ ಗೊತ್ತಿತ್ತು. ಆದರೆ ಅದು ನನ್ನ ಕೈಯಿಂದ ಆದದ್ದು. ಉಳಿದವಕ್ಕೆಲ್ಲ ಪೂಜೆ ಮಾಡಿ ಅದೊಂದನ್ನು ಬಿಟ್ಟರೆ ಸ್ವಂತ ಕೂಸನ್ನು ಪಂಕ್ತಿಯಿಂದ ಎಬ್ಬಿಸಿದಂತೆ ಎನ್ನಿಸಿತು. “ಒಂದು ಬೊಟ್ಟಿಗೆ ಏನಾಗತೈತಿ” ಎಂದು ಹೆಬ್ಬೆರಳು ಅದ್ದಿ ನಡುವೆ ಒಂದು ಗುರುತು ಇಟ್ಟೆ. ಇಟ್ಟ ಕಡೆ ಹೊಳೆಯಿತು, ಉಳಿದದ್ದು ಮಂಕಾಗಿ ಕಂಡಿತು. ನಾಳಿದ್ದು ಪ್ರಾಧ್ಯಾಪಕರು ಬರುತ್ತಾರೆ, ಎಲ್ಲ ಹೊಳೆಯಲಿ ಎಂದು ಅಂಗೈ ತುಂಬ ಎಣ್ಣೆ ತೆಗೆದುಕೊಂಡು ಈ ಅಂಚಿನಿಂದ ಆ ಅಂಚಿಗೆ ಸವರಿದೆ. ಭಕ್ತಿಯಿಂದ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಭಕ್ತಿ ಮೊದಲ ಬೊಟ್ಟಿನಲ್ಲಿ ಇತ್ತು. ಅಂಗೈಯಲ್ಲಿದ್ದದ್ದು ಜಂಬ.

ಆಮೇಲೆ ಹಳೆಯ ಅರಿವೆಯಿಂದ ಒರೆಸಿ, ಬಿಳಿ ಬಟ್ಟೆ ಮುಚ್ಚಿದೆ. ರಿಜಿಸ್ಟರ್‌ನಲ್ಲಿ ‘ಪೂಜೆ ಆಯಿತು’ ಎಂದು ಬರೆದೆ. ‘ಮುಟ್ಟಿದವರು’ ಕಾಲಂ ಖಾಲಿ ಬಿಟ್ಟೆ.

ತೋರಿಸುವ ದಿನ ಶಿವಲೀಲಾ ಊರಿಂದ ಬನ್ನಿ ಎಲೆ ತಂದಿದ್ದಳು. ಎಲ್ಲರಿಗೂ ಕೊಟ್ಟು, ನನ್ನ ಕಾಲು ಮುಟ್ಟಿ, “ಬಂಗಾರದಂಗ ಇರೋಣು ಕಾಕಾ” ಎಂದಳು. ಎರಡು ಎಲೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಆಮೇಲೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳಿದಳು: “ಲೇಪ ಹಾಕಿದವರು ಇವರು, ಪರಸಪ್ಪ ಕಾಕಾ. ನನಗಿಂತ ಛಲೋ ಕೈ.” ದೊಡ್ಡ ಗುರುಗಳು ನನ್ನ ಕೈ ಕುಲುಕಿದರು. ನನ್ನ ಜನ್ಮದಲ್ಲಿ ಅಂಥವರು ಯಾರೂ ನನ್ನ ಕೈ ಹಿಡಿದಿರಲಿಲ್ಲ.

ಅವಳು ಬಟ್ಟೆ ತೆಗೆದು ಜಾಲರಿಯ ಮೇಲೆ ಶುದ್ಧ ನೀರು ಸುರಿದಳು. ನೀರು ಹರಡಬೇಕಿತ್ತು. ಕೆಸುವಿನ ಎಲೆಯ ಮೇಲೆ ನಿಂತಂತೆ ಹನಿ ಹನಿಯಾಗಿ ನಿಂತಿತು. ನನಗೆ ಆ ಕ್ಷಣಕ್ಕೇ ತಿಳಿಯಿತು. ತೊಟ್ಟಿಯ ನೀರು ಇನ್ನೂ ಬಿಟ್ಟಿರಲಿಲ್ಲ. ಒಂದು ಮಾತು ಹೇಳಲು ಹೊತ್ತು ಇತ್ತು. ‘ಛಲೋ ಕೈ’ ಎಂಬುದು ಇನ್ನೂ ಕಿವಿಯಲ್ಲಿತ್ತು, ನಾನು ಸುಮ್ಮನೆ ನಿಂತೆ.

ತೊಟ್ಟಿಯ ನೀರು ಬಿಟ್ಟರು. ಎಣ್ಣೆಯೂ ನೀರೂ ಕೈ ಹಿಡಿದುಕೊಂಡು ಜಾಲರಿ ದಾಟಿದವು. ಕೆಳಗೆ ಬಂದದ್ದು ಮೇಲಿನಷ್ಟೇ ಬೆಳ್ಳಗಿತ್ತು. ಗುರುಗಳು ಬೆರಳಿನಿಂದ ಕೆರೆದು ನೋಡಿ, “ಲೇಪ ಉಕ್ಕಿಗೆ ಹಿಡಿದಿಲ್ಲ, ಕಿತ್ತು ಬಂದಿದೆ” ಎಂದರು. ಮ್ಯಾನೇಜರ್ ವಾಚು ನೋಡಿಕೊಂಡರು. ಶಿವಲೀಲಾ ನನ್ನ ಎದುರಿಗೆ ಬಂದು ನಿಂತಳು.

“ಕಾಕಾ, ಯಾರರ ಮುಟ್ಟಿದ್ರೇನ್ರಿ?”

“ಇಲ್ಲವ್ವ. ಯಾರೂ ಮುಟ್ಟಿಲ್ಲ.”

ಕಿಸೆಯಲ್ಲಿ ಬನ್ನಿ ಎಲೆ ಇತ್ತು. ಮೌಲಾಸಾಬ ನೆಲ ನೋಡುತ್ತ ನಿಂತಿದ್ದ. ಅವಳು ನನ್ನ ಮಾತು ನಂಬಿದಳು, ರಿಜಿಸ್ಟರ್ ತೆರೆದು ನೋಡಲಿಲ್ಲ. ಜಾಲರಿಯನ್ನು ಬಿಚ್ಚಿ ಜೀಪಿಗೆ ಹಾಕಿಕೊಂಡು ಹೋದರು. ಸತ್ಯನಾರಾಯಣ ಏನೂ ಅನ್ನದೆ ಗೇಟಿನ ಕಡೆ ನಡೆದರು. ಅವರು ಮಿರ್ಚಿಯ ಮಾತಾದರೂ ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಎಲೆಗಳನ್ನು ಎಸೆಯಲಾಗಲಿಲ್ಲ, ಮನೆಗೆ ಒಯ್ಯಲೂ ಆಗಲಿಲ್ಲ. ರಿಜಿಸ್ಟರ್‌ನ ಆ ಪುಟದಲ್ಲಿ ಇಟ್ಟು ಕಪಾಟಿನಲ್ಲಿ ಸೇರಿಸಿದೆ.

ನಾಲ್ಕು ವರ್ಷ ಹೋದವು. ನಾನು ಗುಳ್ಳೆ ಯಂತ್ರ ನಡೆಸಿದೆ, ಪಟಕ ಹಾಕಿದೆ, ಎಲ್ಲ ಮಾಡಿದೆ. ಹಾಲಿನಂಥ ನೀರು ಹಳ್ಳಕ್ಕೆ ಹೋಗುತ್ತಲೇ ಇತ್ತು. ದೇಸಾಯಿ ಸಾಹೇಬರು ನಿವೃತ್ತರಾಗಿ ಹೋಗುವ ದಿನ, “ಪರಸಪ್ಪ, ಯಾಕೋ ನೀ ಮೊದಲಿನಂಗ ಬೊಟ್ಟು ಹಚ್ಚಿ ನೋಡೂದು ಬಿಟ್ಟೀಯಲ್ಲ” ಎಂದರು. ಅವರಿಗೂ ಹೇಳಲಿಲ್ಲ.

ಒಂದು ಮುಂಜಾನೆ ಶಿವಲೀಲಾ ಮತ್ತೆ ಬಂದಳು. ಕನ್ನಡಕ ಬಂದಿತ್ತು, ಮಾತು ಕಡಿಮೆಯಾಗಿತ್ತು. ಹೊಸ ಜಾಲರಿ ತಂದಿದ್ದಳು. ಅದರ ಲೇಪ ಗಟ್ಟಿ. ಉಗುರಿನಿಂದ ಕೆರೆದರೂ ಏಳುವುದಿಲ್ಲ. ತೊಟ್ಟಿಯ ನೀರು ಬಿಟ್ಟೆವು. ಕೆಳಗೆ ಬಂದ ನೀರು ತಿಳಿಯೇನೋ ಹೌದು, ಆದರೆ ಹನಿ ಹನಿಯಾಗಿ ಬರುತ್ತಿತ್ತು.

“ಮೇಡಂ, ತೊಟ್ಟಿಗೆ ಸಲಾಯಿನ್ ಹಚ್ಚಿದಂಗ ಐತಲ್ರಿ” ಎಂದ ಮೌಲಾಸಾಬ.

ಅವಳು ನಗಲು ನೋಡಿದಳು, ಆಗಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕೂತಳು. “ಮೊದಲಿಂದು ಎಷ್ಟು ಛಲೋ ಹರೀತಿತ್ತು, ಅಲ್ರಿ ಕಾಕಾ? ಆದ್ರ ಅದು ಕಿತ್ತು ಬಂತು. ಅದಕ್ಕ ಇದಕ್ಕ ಅಂಟು ಬೆರಸೀನಿ. ಅಂಟು ಹಾಕಿದ್ರ ಜಾಲರಿ ಕಣ್ಣು ಮುಚ್ಚತಾವು. ನಾಕು ವರ್ಷ ಇದ್ರಾಗ ಹೋತು. ಸಾಕಾಗೇತಿ. ಮಧ್ಯಾಹ್ನ ಮ್ಯಾನೇಜರ್ ಸಾಹೇಬ್ರಿಗೆ ಇದು ಆಗೂದಿಲ್ಲ ಅಂತ ಹೇಳಿ ಹೊಂಟಬಿಡ್ತೀನಿ.”

ನನ್ನ ಸುಳ್ಳು ಆ ದಿನಕ್ಕೆ ಮುಗಿದುಹೋಯಿತು ಎಂದುಕೊಂಡಿದ್ದೆ. ಅದು ನಾಲ್ಕು ವರ್ಷ ಅವಳ ಜೊತೆ ಕೆಲಸ ಮಾಡಿತ್ತು. ಇಲ್ಲದ ರೋಗಕ್ಕೆ ಅವಳು ಔಷಧ ಹುಡುಕುತ್ತಿದ್ದಳು.

“ಅದು ಕಿತ್ತು ಬಂದಿರಲಿಲ್ಲವ್ವ” ಎಂದೆ.

“ಏನಂದ್ರಿ?”

“ಪೂಜಿ ದಿನ ನಾ ಅದಕ್ಕ ಎಣ್ಣಿ ಹಚ್ಚಿದ್ದೆ.”

ಅವಳು ನನ್ನ ಮುಖ ನೋಡಿದಳು. ಚೀಲದಿಂದ ನೋಟ್‌ಬುಕ್ ತೆಗೆದಳು. ಅವಳ ದನಿ ಬೇರೆಯಾಗಿತ್ತು.

“ಯಾವ ಎಣ್ಣಿ?”

“ನಮ್ಮದ. ತೌಡೆಣ್ಣಿ.”

“ಎಷ್ಟು?”

“ಮೊದ್ಲು ಒಂದು ಬೊಟ್ಟು. ಆಮ್ಯಾಲೆ ಅಂಗೈ ತುಂಬ. ಪೂರಾ ಸವರಿದೆ.”

“ಒಣಾ ಇತ್ತು?”

“ಒಣಾ ಇತ್ತು.”

ಬರೆದುಕೊಂಡಳು. ಪೆನ್ನು ಮುಚ್ಚಿದಳು. ಆಮೇಲೆ ಹೇಳಿದಳು: “ನಾ ಎದುರಿಗೆ ನಿಂತು ಕೇಳಿದ್ನಲ್ರಿ ಕಾಕಾ. ನೀವು ಹೂಂ ಅಂದಿದ್ರ ಸೋಪು ಹಚ್ಚಿ ತೊಳದು ಮತ್ತೊಮ್ಮೆ ನೋಡ್ತಿದ್ದೆ. ನಾಕು ವರ್ಷ ನನ್ನ ಕೈಯಾಗ ತಪ್ಪು ಹುಡುಕೀನಿ. ನಿಮ್ಮ ಕೈ ಮ್ಯಾಲೆ ನನಗ ಅನುಮಾನಾನ ಬರಲಿಲ್ಲ.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟಳು. ಮ್ಯಾನೇಜರ್ ಹತ್ತಿರ ನಾನೇ ಹೋಗಿ ಹೇಳಿದೆ. ಅವರು ಬೈದರು, ತಪ್ಪೊಪ್ಪಿಗೆಯ ಒಂದು ಪತ್ರ ಬರೆಸಿಕೊಂಡರು. ಅದು ದೊಡ್ಡದಲ್ಲ. ಸಂಜೆ ಮೌಲಾಸಾಬ ಪಕ್ಕಕ್ಕೆ ಬಂದು ಕೂತು, “ಬಟ್ಟಲಾ ಹಿಡಿದಾವ ನಾನಪಾ. ನೀ ಹೇಳಲಿಲ್ಲ, ನಾ ಹೆಂಗ ಹೇಳ್ಲಿ ಅಂತ ಸುಮ್ನಿದ್ದೆ” ಎಂದ. ನಾಲ್ಕು ವರ್ಷ ಅವನೂ ಹೊತ್ತಿದ್ದ ಎಂದು ನನಗೆ ಆಗ ಗೊತ್ತಾಯಿತು.

ಎರಡು ವಾರದ ನಂತರ ಅವಳು ಬಂದಳು. ನನ್ನ ಜೊತೆ ಮಾತಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿ ತೆರೆದಳು. ಒಳಗೆ ಅಂಗೈಯಗಲದ ಜಾಲರಿಯ ತುಂಡುಗಳು, ಮೊದಲಿನ ಲೇಪದವು, ಅಂಟು ಇಲ್ಲದವು.

“ಹಚ್ರಿ. ಆವತ್ತು ಹೆಂಗ ಹಚ್ಚಿದ್ರೋ ಹಂಗ.”

ಹಚ್ಚಿದೆ. ನೀರಿಗೆ ಹಾಕಿದಳು. ಎಣ್ಣೆ ಬಿಡಲಿಲ್ಲ. ನೀರು ಹನಿಯಾಗಿ ನಿಂತಿತು, ಆ ದಿನದಂತೆಯೇ. ಅವಳು ತಲೆ ಅಲ್ಲಾಡಿಸಿ ಬರೆದುಕೊಂಡಳು. “ಲ್ಯಾಬಿನಾಗ ನಾವು ಯಾವಾಗ್ಲೂ ಮೊದ್ಲು ನೀರು ಹಾಕಿ ಆಮ್ಯಾಲೆ ಎಣ್ಣಿ ಹಾಕ್ತಿದ್ವಿ. ಇಲ್ಲಿ ಕರೆಂಟ್ ಹೋಗತೈತಿ, ಪಂಪ್ ನಿಲ್ಲತೈತಿ, ಜಾಲರಿ ಒಣಗತೈತಿ, ಒಣಾದ್ರ ಮ್ಯಾಲೆ ಎಣ್ಣಿ ಬೀಳತೈತಿ. ನೀವು ಹಚ್ಚದಿದ್ರೂ ಒಂದಿನ ಕೆಡೂದ ಇತ್ತು.” ನನಗೆ ಸ್ವಲ್ಪ ಉಸಿರು ಬಂತು. ಅವಳು ಅದನ್ನೂ ಗಮನಿಸಿದಳು. “ಸಮಾಧಾನಕ್ಕ ಹೇಳಲಿಲ್ರಿ. ಇದು ನಾಕು ವರ್ಷದ ಹಿಂದ ಗೊತ್ತಾಗಬೇಕಿತ್ತು.”

ಅಲ್ಲಿಂದ ಹೊಸ ಹುಡುಕಾಟ. ಎಣ್ಣೆ ತಾಕಬಾರದ ಜಾಲರಿ ಸಾಲದು; ಎಣ್ಣೆ ತಾಕಿದರೂ ನೀರಿಗೆ ಬಿದ್ದ ಕೂಡಲೇ ತನ್ನ ಮೈ ತಾನೇ ತೊಳೆದುಕೊಳ್ಳುವ ಜಾಲರಿ ಬೇಕು. ಸೋಪು ಇಲ್ಲದೆ, ಬ್ರಶ್ ಇಲ್ಲದೆ. ನೀರಿನ ಮೇಲೆ ಇನ್ನೂ ಹೆಚ್ಚು ಆಸೆ ಇರುವ ಎಳೆಗಳನ್ನು ಅವಳು ಒಂದೊಂದಾಗಿ ಜೋಡಿಸಿ ತರುತ್ತಿದ್ದಳು. ನಾನು ಅದ್ದುತ್ತಿದ್ದೆ. ಒಣಗಿದ ಮೇಲೆ ಎಣ್ಣೆ ಹಚ್ಚುತ್ತಿದ್ದೆ. ಬೊಟ್ಟು, ಆಮೇಲೆ ಅಂಗೈ. ಅವಳ ನೋಟ್‌ಬುಕ್‌ನಲ್ಲಿ ಇದಕ್ಕೆ ‘ಪೂಜೆ ಪರೀಕ್ಷೆ’ ಎಂದು ಹೆಸರು ಬಿತ್ತು. ಹೆಸರಿಟ್ಟವಳು ಅವಳೇ, ನಗದೆ. ತಿಂಗಳಿಗೆ ಒಂದೆರಡು ಸಲ ಬರುತ್ತಿದ್ದಳು. ಕೆಲವು ತುಂಡು ಅರ್ಧ ಎಣ್ಣೆ ಬಿಟ್ಟವು, ಕೆಲವು ಬಿಡಲೇ ಇಲ್ಲ. ಆ ವರ್ಷ ದಸರೆಗೆ ಅವಳು ನನಗೆ ಬನ್ನಿ ಕೊಡಲಿಲ್ಲ. ನಾನೂ ನಿರೀಕ್ಷಿಸಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಒಂದು ತುಂಡು ಹಾಕಿದೆವು. ನೀರಿಗೆ ಇಳಿದ ಕೂಡಲೇ ಎಣ್ಣೆಯ ಅಂಚು ಸುರುಳಿಗಟ್ಟಿತು, ಒಳಕ್ಕೆ ಸರಿಯಿತು, ದುಂಡಗಾಯಿತು, ಟಪಕ್ಕನೆ ಬಿಟ್ಟು ಮೇಲೆ ತೇಲಿತು. ನಾನು ಜಾಲರಿ ಎತ್ತಿ ಬೆರಳಿನ ನಡುವೆ ಉಜ್ಜಿದೆ. ಬೆರಳು ಜಾರಲಿಲ್ಲ.

“ಏನೂ ಇಲ್ಲವ್ವ” ಎಂದೆ. “ಒಂದು ಚೂರೂ ಇಲ್ಲ.”

“ಇನ್ನೊಮ್ಮೆ ಹಚ್ರಿ” ಎಂದಳು. ಇಪ್ಪತ್ತು ಸಲ ಹಚ್ಚಿಸಿದಳು. ಇಪ್ಪತ್ತು ಸಲವೂ ಬಿಟ್ಟಿತು.

ಅದೇ ವರ್ಷ, ನನ್ನ ನಿವೃತ್ತಿಯ ವರ್ಷ, ದೊಡ್ಡ ಜಾಲರಿ ತಯಾರಾಯಿತು. ಲೇಪ ಹಾಕಿದವನು ನಾನೇ. ಈ ಸಲ ತೋರಿಸುವ ದಿನವನ್ನು ಅವಳೇ ಆಯುಧಪೂಜೆಗೆ ಇಟ್ಟಳು. ಮ್ಯಾನೇಜರ್ ಬಂದರು, ಗುರುಗಳು ಬಂದರು, ಸತ್ಯನಾರಾಯಣ ತಮ್ಮ ಮಡಿಯ ಕೆಲಸ ಬಿಟ್ಟು ಬಂದರು. ಮೌಲಾಸಾಬ ಬಟ್ಟಲು ಹಿಡಿದು ನಿಂತ. ಪಂಪಿಗಾಯಿತು, ಗುಳ್ಳೆ ಯಂತ್ರಕ್ಕಾಯಿತು. ಬಿಳಿ ಬಟ್ಟೆಯ ಮುಂದೆ ನನ್ನ ಕಾಲು ನಿಂತವು.

“ಹಚ್ರಿ ಕಾಕಾ” ಎಂದಳು ಶಿವಲೀಲಾ. “ಈ ಸಲ ಎಲ್ಲಾರ ಮುಂದ ಹಚ್ರಿ.”

ನಡುವೆ ಹೆಬ್ಬೆರಳು ಒತ್ತಿದೆ. ಕುಂಕುಮ ಇಟ್ಟೆ. ಅಂಗೈ ತುಂಬ ಎಣ್ಣೆ ತೆಗೆದು ಅಂಚಿನಿಂದ ಅಂಚಿಗೆ ಸವರಿದೆ. ಗುರುಗಳಿಗೆ ನಾನು ಹಿಂದೆ ಮಾಡಿದ್ದನ್ನೂ ಹೇಳಿದೆ. ಸತ್ಯನಾರಾಯಣ ಅವರಿಗೂ ಕೇಳುವಂತೆ ಹೇಳಿದೆ. ಆಮೇಲೆ ಶಿವಲೀಲಾ ಮತ್ತು ನಾನು ಇಬ್ಬರೂ ಹಿಡಿದು ಜಾಲರಿಯನ್ನು ನೀರಿಗೆ ಇಳಿಸಿದೆವು. ಎಣ್ಣೆ ಗುಂಪುಗೂಡಿ ಏಳತೊಡಗಿತು. ನಡುವಿನ ಕುಂಕುಮದ ಗುರುತು ಕೊನೆಯವರೆಗೂ ಹಿಡಿದುಕೊಂಡಿತ್ತು. ಆಮೇಲೆ ಅದೂ ಕೆಂಪು ಹನಿಯಾಗಿ ಬಿಟ್ಟು ಮೇಲೆ ಬಂತು. ತೊಟ್ಟಿಯ ನೀರು ಬಿಟ್ಟೆವು. ಕೆಳಗೆ ಧಾರೆಯಾಗಿ ಬಂದ ನೀರಿನಲ್ಲಿ ತಳದ ಕಲ್ಲು ಕಾಣುತ್ತಿತ್ತು.

ನನ್ನ ಕೋಣೆಯಲ್ಲಿದ್ದ ಕೊಡವನ್ನು ತಂದು ಆ ನೀರು ತುಂಬಿ ಸತ್ಯನಾರಾಯಣ ಅವರ ಮುಂದಿಟ್ಟೆ. ಅವರು ಬೆರಳು ಅದ್ದಿ ನೋಡಿ, “ಇದ್ರಾಗ ಮಿರ್ಚಿ ಆಗೂದಿಲ್ಲ ಬಿಡ್ರಿ” ಎಂದರು. ಹಳ್ಳದ ಬಾಜೂ ಮಡಿಯಲ್ಲಿ ಅವರು ಈಗ ಮತ್ತೆ ನಾಟಿ ಮಾಡುತ್ತಾರೆ.

ಎಲ್ಲರೂ ಹೋದ ಮೇಲೆ ಶಿವಲೀಲಾ ಕಪಾಟಿನಿಂದ ಹಳೆಯ ರಿಜಿಸ್ಟರ್ ತರಲು ಹೇಳಿದಳು. ತೆರೆದಳು. ಆ ಪುಟದಲ್ಲಿ ಎರಡು ಬನ್ನಿ ಎಲೆ ಒಣಗಿ ಕಾಗದಕ್ಕೆ ಅಂಟಿಕೊಂಡಿದ್ದವು. ಅವನ್ನು ನೋಡಿದಳು, ನನ್ನನ್ನು ನೋಡಿದಳು. ಉಗುರಿನಿಂದ ಮೆಲ್ಲಗೆ ಎಬ್ಬಿಸಿ ಪಕ್ಕಕ್ಕಿಟ್ಟು, ಖಾಲಿ ಕಾಲಂ ಮೇಲೆ ಬೆರಳಿಟ್ಟಳು.

“ಬರೀರಿ.”

‘ಮುಟ್ಟಿದವರು’ ಕೆಳಗೆ ನನ್ನ ಹೆಸರು ಬರೆದೆ. ಎದುರಿಗೆ ‘ಒಣ ಜಾಲರಿಗೆ ಎಣ್ಣೆ ಸವರಿದೆ’ ಎಂದು ಬರೆದೆ. ಅವಳು ಎಲೆಗಳನ್ನು ಮತ್ತೆ ಅದೇ ಪುಟದಲ್ಲಿಟ್ಟು ರಿಜಿಸ್ಟರ್ ಮುಚ್ಚಿದಳು. ಕ್ಷಮಿಸಿದಳೋ ಎಂದು ನಾನು ಕೇಳಿಲ್ಲ.

ಆ ರಿಜಿಸ್ಟರ್ ಈಗಲೂ ತೊಟ್ಟಿಯ ಪಕ್ಕದ ಕೋಣೆಯ ಕಪಾಟಿನಲ್ಲಿದೆ. ಹೊಸದಾಗಿ ಸೇರಿದವರು ಮೊದಲ ದಿನವೇ ಆ ಪುಟ ತೆರೆದು ನೋಡಿ. ಐದು ವರ್ಷ ತಡವಾಗಿದೆ, ಆದರೆ ಸಹಿ ನನ್ನದೇ.